ವಿಶ್ವವಿದ್ಯಾಲಯದಲ್ಲಿ ಕೊನೆಯ ಮಾತು ಯಾರದು?

ಎ.ಕೆ. ರಾಮಾನುಜನ್ ಅವರ ರಾಮಾಯಣದ ಪ್ರಬಂಧವನ್ನು ದೆಹಲಿ ವಿಶ್ವವಿದ್ಯಾಲಯ ತನ್ನ ಸಿಲಬಸ್ಸಿನಿಂದ ತೆಗೆದದ್ದು 2011ರ ಅಕ್ಟೋಬರ್‌ನಲ್ಲಿ. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ಷಿಕಾಗೋದಲ್ಲಿ ಪ್ರಾಧ್ಯಾಪಕರಾದವರು ರಾಮಾನುಜನ್. ಅಷ್ಟು ಹೊತ್ತಿಗೆ ಅವರು ತೀರಿಕೊಂಡು 18 ವರ್ಷವಾಗಿತ್ತು. ರಾಮನ ಕಥೆ ಊರಿಂದ ಊರಿಗೆ, ಭಾಷೆಯಿಂದ ಭಾಷೆಗೆ ಹೇಗೆ ಬದಲಾಗುತ್ತಾ ಹೋಗಿದೆ ಎಂದು ಹೇಳುವ ಪ್ರಬಂಧ ಅದು. ಬಿಎ ಇತಿಹಾಸದ ಹುಡುಗರು ಓದುತ್ತಿದ್ದರು.

ಆ ಪ್ರಬಂಧದಲ್ಲಿ ನಮ್ಮ ಕನ್ನಡದ ಒಂದು ಜನಪದ ರಾಮಾಯಣವೂ ಬರುತ್ತದೆ. ಮಕ್ಕಳಿಲ್ಲದ ರಾವಣನಿಗೆ ಶಿವ ಒಂದು ಮಾವಿನ ಹಣ್ಣು ಕೊಡುತ್ತಾನೆ. ತಿರುಳನ್ನು ಹೆಂಡತಿಗೆ ಕೊಡುತ್ತೇನೆ, ನಾನು ಓಟೆ ಚೀಪುತ್ತೇನೆ ಅಂತ ರಾವಣ ಮಾತು ಕೊಡುತ್ತಾನೆ. ಈ ಮಹಾರಾಯ ಮನೆಗೆ ಬಂದ ಮೇಲೆ ಆಸೆಬಿದ್ದು ತಿರುಳು ತಾನು ತಿಂದು, ಓಟೆಯನ್ನು ಮಂಡೋದರಿಗೆ ಕೊಡುತ್ತಾನೆ. ಬಸುರಾಗುವುದು ಅವನೇ. ದಿನ ತುಂಬಿ, ಒಂದು ಸೀನು ಬಂದು, ಮೂಗಿನಿಂದ ಸೀತೆ ಹುಟ್ಟುತ್ತಾಳೆ. ಹಳ್ಳಿಗಳಲ್ಲಿ ಹಾಡುವವರು ದೇವರ ಮೇಲಿನ ಭಕ್ತಿಯಿಂದಲೇ ಹಾಡಿಕೊಂಡು ಬಂದ ಕಥೆ ಇದು. ಕೇಳಿದವರು ನಕ್ಕಿದ್ದಾರೆ, ಕೈಯನ್ನೂ ಮುಗಿದಿದ್ದಾರೆ.

2008ರಲ್ಲಿ ಒಂದು ವಿದ್ಯಾರ್ಥಿ ಸಂಘಟನೆಯವರು ಈ ಪ್ರಬಂಧದಿಂದ ಧಾರ್ಮಿಕ ಭಾವನೆಗೆ ಧಕ್ಕೆಯಾಗಿದೆ ಎಂದು ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದರು. ಮಾತು ಕೋರ್ಟಿಗೆ ಹೋಯಿತು. ತಜ್ಞರ ಸಮಿತಿಯೊಂದು ನೋಡಲಿ ಎಂದಾಯಿತು. ನಾಲ್ಕು ಜನರ ಸಮಿತಿಯಲ್ಲಿ ಮೂವರು ಪ್ರಬಂಧ ಇರಲಿ ಎಂದರು. ನಾಲ್ಕನೆಯವರು ಪದವಿ ಹಂತಕ್ಕೆ ಇದು ಬೇಡ ಎಂದರು. ಇಷ್ಟಾದ ಮೇಲೂ ವಿ.ವಿ.ಯ ಶಿಕ್ಷಣ ಮಂಡಳಿ, ಅಂದರೆ ಅಕಾಡೆಮಿಕ್ ಕೌನ್ಸಿಲ್, ಪ್ರಬಂಧವನ್ನು ಕೈಬಿಟ್ಟಿತು. ಬೆರಳೆಣಿಕೆಯ ಸದಸ್ಯರು ಮಾತ್ರ ಅಲ್ಲಿ ವಿರೋಧಿಸಿದರು. ಇತಿಹಾಸ ವಿಭಾಗದ ಮೇಷ್ಟ್ರುಗಳು ಬೇಕು ಅಂದದ್ದನ್ನು ಬೇರೆಬೇರೆ ವಿಭಾಗಗಳ ಜನ ಕೂತ ಸಭೆ ಬೇಡ ಎಂದಿತು.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಯಾವ ಸರ್ಕಾರವೂ ನಿಷೇಧದ ಆದೇಶ ಹೊರಡಿಸಲಿಲ್ಲ. ಯಾವ ಮಂತ್ರಿಯೂ ಸಹಿ ಹಾಕಲಿಲ್ಲ. ಆಗ ಕೇಂದ್ರದಲ್ಲಿ ಇದ್ದದ್ದು ಕಾಂಗ್ರೆಸ್ ನೇತೃತ್ವದ ಯುಪಿಎ ಸರ್ಕಾರ, ಗಲಾಟೆ ಮಾಡಿದವರ ಕಡೆಯ ಸರ್ಕಾರವೂ ಅಲ್ಲ. ಸಭೆ ಕರೆದು, ವಿಷಯ ಮಂಡಿಸಿ, ನಡಾವಳಿ ಬರೆದು ವಿಶ್ವವಿದ್ಯಾಲಯವೇ ತನ್ನ ಕೈಯಾರೆ ಮಾಡಿಕೊಂಡ ಕೆಲಸ ಅದು. ವಿಶ್ವವಿದ್ಯಾಲಯಗಳ ಮೇಲೆ ರಾಜಕೀಯ ಒತ್ತಡ ಅಂದ ಕೂಡಲೇ ನಮಗೆ ಪೊಲೀಸು, ಲಾಠಿ, ಅಮಾನತು ನೆನಪಾಗುತ್ತದೆ. ಅವೂ ಇವೆ. ಆದರೆ ಜಾಸ್ತಿ ಕೆಲಸ ನಡೆಯುವುದು ಕಡತಗಳಲ್ಲಿ: ನೇಮಕಾತಿ, ಅನುದಾನ, ಅನುಮತಿ, ತಡ. ಅದು ಹೇಗೆ ನಡೆಯುತ್ತದೆ ಅನ್ನುವುದೇ ಈ ಬರಹದ ವಿಷಯ.

ಅದಕ್ಕೆ ಮೊದಲು ಈ 'ಶೈಕ್ಷಣಿಕ ಸ್ವಾತಂತ್ರ್ಯ' ಅಂದರೆ ಏನು ಎಂದು ನೋಡಬೇಕು. ತುಂಬಾ ಜನ ಇದನ್ನು ವಾಕ್ ಸ್ವಾತಂತ್ರ್ಯದ ಇನ್ನೊಂದು ಹೆಸರು ಅಂದುಕೊಂಡಿದ್ದಾರೆ. ಎರಡೂ ಬೇರೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಭೂಮಿ ಚಪ್ಪಟೆ ಎಂದು ಹೇಳಲು ನನಗೆ ಹಕ್ಕಿದೆ. ಭೂಗೋಳದ ಮೇಷ್ಟ್ರಿಗೆ ತರಗತಿಯಲ್ಲಿ ಹಾಗೆ ಪಾಠ ಮಾಡುವ ಹಕ್ಕಿಲ್ಲ. ಅವರ ಸ್ವಾತಂತ್ರ್ಯದ ಜೊತೆ ಒಂದು ಕಟ್ಟುಪಾಡು ಇದೆ. ಸಾಕ್ಷಿ ಕೊಡಬೇಕು, ವಿಧಾನ ತೋರಿಸಬೇಕು, ಅದೇ ವಿಷಯ ಬಲ್ಲ ಬೇರೆಯವರು ತಪ್ಪು ಹುಡುಕಿದರೆ ಉತ್ತರ ಹೇಳಬೇಕು. ಆದರೆ ತಪ್ಪು ಹುಡುಕುವ ಅಧಿಕಾರ ಆ ಬಲ್ಲವರಿಗೆ ಮಾತ್ರ. ಆಸ್ಪತ್ರೆ ಕಟ್ಟಿಸಿದ ದಾನಿಗೆ ಎಷ್ಟೇ ಗೌರವ ಕೊಟ್ಟರೂ ರೋಗಿಗೆ ಯಾವ ಮಾತ್ರೆ ಬರೆಯಬೇಕು ಎಂದು ಅವರನ್ನು ಕೇಳುವುದಿಲ್ಲವಲ್ಲ, ಇದೂ ಹಾಗೇ.

ನಮ್ಮ ಸಂವಿಧಾನದಲ್ಲಿ ಶೈಕ್ಷಣಿಕ ಸ್ವಾತಂತ್ರ್ಯ ಎಂಬ ಪ್ರತ್ಯೇಕ ಹಕ್ಕಿಲ್ಲ. 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದ ನೆರಳಿನಲ್ಲೇ ಅದೂ ಬದುಕಬೇಕು. ಜರ್ಮನಿಯವರು ತಮ್ಮ ಮೂಲ ಕಾನೂನಿನ 5ನೇ ವಿಧಿಯಲ್ಲಿ ಸಂಶೋಧನೆ ಮತ್ತು ಬೋಧನೆ ಸ್ವತಂತ್ರ ಎಂದು ನೇರವಾಗಿ ಬರೆದುಕೊಂಡಿದ್ದಾರೆ. ದಕ್ಷಿಣ ಆಫ್ರಿಕದವರೂ 16ನೇ ವಿಧಿಯಲ್ಲಿ ಬರೆದಿದ್ದಾರೆ. ಎರಡೂ ದೇಶ ಪೆಟ್ಟು ತಿಂದ ಮೇಲೆ ಬರೆದವು ಅನ್ನಿ. ಒಂದು ಕಡೆ ನಾಜಿಗಳು, ಇನ್ನೊಂದು ಕಡೆ ವರ್ಣಭೇದ.

ವರ್ಣಭೇದದ ಕಾಲದಲ್ಲೇ ದಕ್ಷಿಣ ಆಫ್ರಿಕದ ಕೆಲವು ಅಧ್ಯಾಪಕರು ಒಂದು ಸೂತ್ರ ಬರೆದರು. ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಡಿ ಎಂದು ಸರ್ಕಾರ ಹೊರಟಾಗ, ಅದನ್ನು ವಿರೋಧಿಸಿ ಅವರು ಹೇಳಿದ್ದು ಇಷ್ಟು: ಯಾರು ಕಲಿಸಬೇಕು, ಏನು ಕಲಿಸಬೇಕು, ಹೇಗೆ ಕಲಿಸಬೇಕು, ಯಾರನ್ನು ಸೇರಿಸಿಕೊಳ್ಳಬೇಕು, ಈ ನಾಲ್ಕನ್ನು ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕು. 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಈ ಮಾತನ್ನು ತಮ್ಮ ತೀರ್ಪಿನಲ್ಲಿ ಬಳಸಿದರು. ಆ ಕೇಸು ಪಾಲ್ ಸ್ವೀಜಿ ಎಂಬ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞರದ್ದು. ನ್ಯೂ ಹ್ಯಾಂಪ್‌ಶೈರ್ ವಿ.ವಿ.ಯಲ್ಲಿ ಒಂದು ಉಪನ್ಯಾಸ ಕೊಟ್ಟಿದ್ದರು, ಅಷ್ಟೇ. ಏನು ಹೇಳಿದಿರಿ ತಿಳಿಸಿ ಎಂದು ಆ ರಾಜ್ಯದ ಅಟಾರ್ನಿ ಜನರಲ್ ಕೇಳಿದರು. ಹೇಳುವುದಿಲ್ಲ ಎಂದರು ಸ್ವೀಜಿ. ಕೋರ್ಟು ಅವರ ಕಡೆ ನಿಂತಿತು.

ನಾಲ್ಕು ಪ್ರಶ್ನೆಗಳು ಚೆನ್ನಾಗಿವೆ. ಆದರೆ ನಾಲ್ಕನೆಯದನ್ನು ಭಾರತಕ್ಕೆ ತಂದಾಗ ನನಗೆ ಸ್ವಲ್ಪ ತಕರಾರಿದೆ. ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ನಮ್ಮ ವಿಶ್ವವಿದ್ಯಾಲಯಗಳ ಕೈಗೇ ಬಿಟ್ಟಿದ್ದರೆ ಇವತ್ತು ತರಗತಿಯಲ್ಲಿ ಯಾರು ಕೂತಿರುತ್ತಿದ್ದರು ಎಂದು ಯೋಚಿಸಿ. ಮೀಸಲಾತಿ ಸರ್ಕಾರದ ಹಸ್ತಕ್ಷೇಪವೇ. ಅದು ಬೇಕಾದ ಹಸ್ತಕ್ಷೇಪ. ಮೀಸಲಾತಿಯ ಸರದಿ ಪಟ್ಟಿ, ಅಂದರೆ ರೋಸ್ಟರ್, ಪಾಲಿಸಿ ಅನ್ನುವುದು, ಲೆಕ್ಕಪತ್ರ ಕೊಡಿ ಅನ್ನುವುದು, ಕಿರುಕುಳದ ದೂರು ಬಂದರೆ ವಿಚಾರಣೆ ಮಾಡಿ ಅನ್ನುವುದು, ಇದ್ಯಾವುದೂ ಶೈಕ್ಷಣಿಕ ಸ್ವಾತಂತ್ರ್ಯದ ಮೇಲಿನ ದಾಳಿ ಅಲ್ಲ. ನೇಮಕಾತಿಯಲ್ಲಿ ಸ್ವಜಾತಿಯವರನ್ನು ತುಂಬಿಕೊಂಡು, ಕೇಳಿದರೆ 'ಸ್ವಾಯತ್ತತೆ' ಅನ್ನುವವರೂ ನಮ್ಮಲ್ಲಿ ಇದ್ದಾರೆ. ಹಾಗಾಗಿ ಸರ್ಕಾರ ಕೈಹಾಕಿದೆಯೋ ಇಲ್ಲವೋ ಅಂತ ಕೇಳಿದರೆ ಸಾಲದು, ಯಾವುದಕ್ಕೆ ಕೈಹಾಕಿದೆ ಅಂತ ಕೇಳಬೇಕು. ಬಾಗಿಲು ಯಾರಿಗೆ ತೆರೆಯಬೇಕು, ಹಣ ಎಲ್ಲಿ ಹೋಯಿತು ಎಂದು ಕೇಳಿದರೆ ಸರಿ. ಒಳಗೆ ಏನು ಯೋಚನೆ ಮಾಡುತ್ತಿದ್ದೀರಿ ಎಂದು ಕೇಳಿದರೆ ಎಚ್ಚರ ಬೇಕು.

ಹಣದ ಮಾತಿಗೆ ಬರೋಣ. ಒತ್ತಡದ ಅತಿ ಹಳೆಯ ದಾರಿ ಇದೇ.

1922ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಬೊಕ್ಕಸ ಬರಿದಾಗಿತ್ತು. ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂತು, ಜೊತೆಗೆ ಷರತ್ತುಗಳ ಒಂದು ಪಟ್ಟಿಯನ್ನೂ ಇಟ್ಟಿತು. ಕುಲಪತಿ ಅಶುತೋಷ್ ಮುಖರ್ಜಿ ಸೆನೆಟ್ ಸಭೆಯಲ್ಲಿ ಎದ್ದು ನಿಂತು, ಒಂದು ಕೈಯಲ್ಲಿ ಹಣ, ಇನ್ನೊಂದು ಕೈಯಲ್ಲಿ ಗುಲಾಮಗಿರಿ ಹಿಡಿದು ಬಂದರೆ ಅಂಥದ್ದು ನನಗೆ ಬೇಡ, ಮೊದಲು ಸ್ವಾತಂತ್ರ್ಯ, ಎರಡನೆಯದೂ ಸ್ವಾತಂತ್ರ್ಯ, ಯಾವಾಗಲೂ ಸ್ವಾತಂತ್ರ್ಯ ಎಂಬ ಅರ್ಥದಲ್ಲಿ ಮಾತಾಡಿದರು. ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಮನುಷ್ಯ, ಬ್ರಿಟಿಷರಿಂದ 'ಸರ್' ಪದವಿ ಪಡೆದಿದ್ದವರು, ಕ್ರಾಂತಿಕಾರಿಯೇನಲ್ಲ. ಮರುವರ್ಷ ಗವರ್ನರ್ ಲಾರ್ಡ್ ಲಿಟನ್ ಅಶುತೋಷರಿಗೆ ಪತ್ರ ಬರೆದು, ಇನ್ನೊಂದು ಅವಧಿಗೆ ನಿಮ್ಮನ್ನೇ ಕುಲಪತಿ ಮಾಡುತ್ತೇನೆ, ಆದರೆ ಸರ್ಕಾರವನ್ನು ವಿರೋಧಿಸುವುದು ನಿಲ್ಲಿಸಬೇಕು ಎಂದರು. ಅಶುತೋಷ್ ಎರಡೇ ದಿನದಲ್ಲಿ ಖಾರವಾದ ಉತ್ತರ ಬರೆದು ಹುದ್ದೆ ಬೇಡ ಎಂದರು.

ಈ ಅಶುತೋಷರಿಗೂ ನಮ್ಮ ಮೈಸೂರಿಗೂ ಒಂದು ನಂಟಿದೆ. ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಎಸ್. ರಾಧಾಕೃಷ್ಣನ್ ಅವರನ್ನು 1921ರಲ್ಲಿ ಕಲ್ಕತ್ತಾಕ್ಕೆ ಕರೆಸಿಕೊಂಡವರು ಇವರೇ. ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಬಿಟ್ಟುಬಂದ ಕಥೆ ಮೈಸೂರಿನವರಿಗೆಲ್ಲ ಗೊತ್ತು. ರಾಧಾಕೃಷ್ಣನ್ ಅಲ್ಲಿ ಕೂತದ್ದು ಬ್ರಜೇಂದ್ರನಾಥ ಸೀಲರು ಬಿಟ್ಟ ಪೀಠದಲ್ಲಿ. ಸೀಲರು ಬಂದದ್ದು ಮೈಸೂರಿಗೆ, ವಿ.ವಿ.ಯ ಕುಲಪತಿಯಾಗಿ. ಯಾವ ಪ್ರಾಂತ್ಯದವರು, ಯಾರ ಕಡೆಯವರು ಎಂದು ನೋಡದೆ ವಿದ್ವತ್ತು ನೋಡಿ ಕರೆಯುವ ಧೈರ್ಯ ಎರಡೂ ಕಡೆ ಇತ್ತು. ಇವತ್ತು ಕರ್ನಾಟಕದ ಯಾವುದಾದರೂ ರಾಜ್ಯ ವಿ.ವಿ.ಗೆ ಬಂಗಾಳದ ತತ್ವಜ್ಞಾನಿಯೊಬ್ಬರು ಕುಲಪತಿಯಾಗಿ ಬರುತ್ತಾರೆ ಎಂದರೆ ನಾವೇ ನಂಬುವುದಿಲ್ಲ.

ನೂರು ವರ್ಷದ ನಂತರ ಇದೇ ಹಣದ ಆಟ ಅಮೆರಿಕದಲ್ಲಿ ಕಂಡಿತು. 2025ರ ಮಾರ್ಚ್‌ನಲ್ಲಿ ಟ್ರಂಪ್ ಸರ್ಕಾರ ಕೊಲಂಬಿಯಾ ವಿ.ವಿ.ಗೆ ಬರಬೇಕಿದ್ದ 40 ಕೋಟಿ ಡಾಲರ್ ಅನುದಾನ ರದ್ದು ಮಾಡಿತು. ಕ್ಯಾಂಪಸ್ಸಿನಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ರಕ್ಷಣೆ ಕೊಟ್ಟಿಲ್ಲ ಎಂಬುದು ಕಾರಣ. ಕೊಲಂಬಿಯಾ ಜುಲೈನಲ್ಲಿ 20 ಕೋಟಿ ಡಾಲರ್ ಕಟ್ಟಲು ಒಪ್ಪಿ ರಾಜಿ ಮಾಡಿಕೊಂಡಿತು. ಹಾರ್ವರ್ಡ್‌ಗೂ ಏಪ್ರಿಲ್‌ನಲ್ಲಿ ಪತ್ರ ಹೋಯಿತು. ನೇಮಕಾತಿ, ಪ್ರವೇಶ, ಕೆಲವು ವಿಭಾಗಗಳ ಮೇಲೆ ಹೊರಗಿನವರ ಕಣ್ಗಾವಲು, ಎಲ್ಲಾ ಬೇಡಿಕೆಗಳೂ ಅದರಲ್ಲಿದ್ದವು. ಹಾರ್ವರ್ಡ್ ಆಗಲ್ಲ ಎಂದಿತು. ಅದೇ ದಿನ 220 ಕೋಟಿ ಡಾಲರ್ ತಡೆಹಿಡಿದರು. ಸೆಪ್ಟೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶೆಯೊಬ್ಬರು ಈ ತಡೆ ಕಾನೂನುಬಾಹಿರ ಎಂದು ತೀರ್ಪು ಕೊಟ್ಟರು. ನಡುವೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿಯನ್ನೇ ಕಿತ್ತುಕೊಳ್ಳಲು ಹೊರಟಾಗ, ಅಲ್ಲಿ ಓದುತ್ತಿದ್ದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ನಿದ್ದೆ ಹೋಯಿತು. ಕ್ಯಾನ್ಸರ್ ಬಗ್ಗೆ ಕೆಲಸ ಮಾಡುವ ಲ್ಯಾಬಿಗೂ ರಾಜಕೀಯದ ಈ ಜಗಳಕ್ಕೂ ಸಂಬಂಧ ಇರಲಿಲ್ಲ. ಆದರೆ ಹಣ ನಿಂತದ್ದು ಲ್ಯಾಬಿನದ್ದು. ಹಾರ್ವರ್ಡ್‌ಗೆ ಹಳೆಯ ನಿಧಿ ಬೇಕಾದಷ್ಟಿತ್ತು, ಜಗಳ ಆಡಿತು. ಹಾಗೆ ಗಂಟು ಇಲ್ಲದವರು ಏನು ಮಾಡಬೇಕು?

ನಮ್ಮ ಕಡೆಯ ವಿಶ್ವವಿದ್ಯಾಲಯಗಳಿಗೆ ಅಂಥ ಗಂಟು ಎಲ್ಲಿಂದ ಬರಬೇಕು. ಸಂಬಳಕ್ಕೆ ಸರ್ಕಾರದ ಅನುದಾನ, ಪಿಂಚಣಿಗೆ ಪರದಾಟ, ಸಂಶೋಧಕರ ಫೆಲೋಶಿಪ್ ತಿಂಗಳುಗಟ್ಟಲೆ ಬಾಕಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಣದ ಕಷ್ಟ ಎಷ್ಟು ಸಲ ಸುದ್ದಿಯಾಗಿಲ್ಲ ಹೇಳಿ. ಹಿಂದಿನ ಸರ್ಕಾರ ಜಿಲ್ಲೆಗೊಂದರಂತೆ ತೆರೆದಿದ್ದ ಹೊಸ ವಿ.ವಿ.ಗಳಲ್ಲಿ ಒಂಬತ್ತನ್ನು ಮುಚ್ಚುವ ಇಲ್ಲವೇ ವಿಲೀನ ಮಾಡುವ ಶಿಫಾರಸು 2025ರ ಫೆಬ್ರವರಿಯಲ್ಲಿ ಈಗಿನ ಸರ್ಕಾರದ ಸಂಪುಟ ಉಪಸಮಿತಿಯಿಂದ ಬಂತು. ತೆರೆದವರು ಹಣ ಕೊಡಲಿಲ್ಲ, ಮುಚ್ಚಲು ಹೊರಟವರೂ ಅದೇ ಕಾರಣ ಕೊಟ್ಟರು. ತೆರೆಯುವಾಗಲೂ ಮುಚ್ಚುವಾಗಲೂ ಅಲ್ಲಿನ ಮೇಷ್ಟ್ರುಗಳನ್ನು, ವಿದ್ಯಾರ್ಥಿಗಳನ್ನು ಯಾರು ಕೇಳಿದರು? ಇಂಥ ಪರಿಸ್ಥಿತಿಯಲ್ಲಿರುವ ಕುಲಪತಿಗೆ ಯಾರೂ ಫೋನ್ ಮಾಡಿ ಬೆದರಿಸಬೇಕಾಗಿಲ್ಲ. ಮುಂದಿನ ಬಿಡುಗಡೆಯ ಫೈಲು ವಿಧಾನಸೌಧದಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಖಾಸಗಿ ವಿ.ವಿ.ಗಳಲ್ಲಿ ಈ ಕಷ್ಟ ಇಲ್ಲ ಅಂದುಕೊಂಡಿದ್ದರು ಕೆಲವರು. 2023ರ ಜುಲೈ ಕೊನೆಯಲ್ಲಿ ಹರಿಯಾಣದ ಅಶೋಕ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಅಧ್ಯಾಪಕ ಸಬ್ಯಸಾಚಿ ದಾಸ್ ಅವರ ಒಂದು ಸಂಶೋಧನಾ ಪ್ರಬಂಧ ಸುದ್ದಿಯಾಯಿತು. 2019ರ ಲೋಕಸಭಾ ಚುನಾವಣೆಯಲ್ಲಿ ತೀರಾ ಕಡಿಮೆ ಅಂತರದ ಕ್ಷೇತ್ರಗಳ ಫಲಿತಾಂಶದಲ್ಲಿ ಏನೋ ಅಸಹಜತೆ ಇದೆ, ಅದು ಬಿಜೆಪಿಗೆ ಅನುಕೂಲವಾಗಿದೆ ಎಂಬ ವಾದ ಅದರಲ್ಲಿತ್ತು. ವಾದ ತಪ್ಪಿರಬಹುದು. ಇನ್ನೂ ಜರ್ನಲ್‌ನಲ್ಲಿ ಅಚ್ಚಾಗಿರಲಿಲ್ಲ. ಅಂಕಿಅಂಶ ಎಲ್ಲರಿಗೂ ಸಿಗುವಂಥದ್ದು, ಕೂತು ಲೆಕ್ಕ ಹಾಕಿ ತಪ್ಪು ತೋರಿಸಬಹುದಿತ್ತು. ಕೆಲವರು ಆ ಕೆಲಸ ಶುರು ಮಾಡಿಯೂ ಇದ್ದರು. ಆದರೆ ವಿ.ವಿ. ಸಾಮಾಜಿಕ ಜಾಲತಾಣದಲ್ಲಿ ಹೇಳಿಕೆ ಹಾಕಿ ಪ್ರಬಂಧದಿಂದ ದೂರ ಸರಿಯಿತು. ದಾಸ್ ರಾಜೀನಾಮೆ ಕೊಟ್ಟರು. ಅವರನ್ನು ಬೆಂಬಲಿಸಿ ಅದೇ ವಿಭಾಗದ ಪ್ರಾಧ್ಯಾಪಕ ಪುಲಪ್ರೆ ಬಾಲಕೃಷ್ಣನ್ ಕೂಡ ರಾಜೀನಾಮೆ ಕೊಟ್ಟರು. ಅದೇ ಆಗಸ್ಟ್‌ನಲ್ಲಿ ಗುಪ್ತಚರ ದಳದ ಅಧಿಕಾರಿಗಳು ಕ್ಯಾಂಪಸ್ಸಿಗೆ ಬಂದು ಪ್ರಬಂಧದ ಬಗ್ಗೆ ವಿಚಾರಿಸಿದರು. ಇದೇ ವಿ.ವಿ.ಯಿಂದ 2021ರಲ್ಲಿ ರಾಜಕೀಯ ಚಿಂತಕ ಪ್ರತಾಪ್ ಭಾನು ಮೆಹ್ತಾ ಹೊರಬಂದಾಗ, ನಾನಿಲ್ಲಿ ಇರುವುದು ಸಂಸ್ಥೆಗೆ ರಾಜಕೀಯ ಹೊರೆಯಾಗಿದೆ ಎಂಬುದನ್ನು ಸ್ಥಾಪಕರ ಜೊತೆಗಿನ ಮಾತುಕತೆಯಲ್ಲಿ ತಿಳಿದೆ ಎಂದು ಪತ್ರದಲ್ಲಿ ಬರೆದಿದ್ದರು. ಖಾಸಗಿ ವಿ.ವಿ.ಯ ದಾನಿಗಳಿಗೆ ಬೇರೆ ಬಿಸಿನೆಸ್ಸುಗಳಿರುತ್ತವೆ, ಲೈಸೆನ್ಸುಗಳಿರುತ್ತವೆ, ಆದಾಯ ತೆರಿಗೆಯವರಿರುತ್ತಾರೆ. ಸರ್ಕಾರದ ಕೈ ಅಲ್ಲಿಗೆ ಸ್ವಲ್ಪ ಸುತ್ತಿ ಬರುತ್ತದೆ, ಅಷ್ಟೇ.

ಇನ್ನು ನೇಮಕಾತಿ. ನನ್ನ ಪ್ರಕಾರ ಕರ್ನಾಟಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವ ದಾರಿ ಇದು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000 ಹೇಳುವ ಪ್ರಕಾರ ಕುಲಪತಿ ಆಯ್ಕೆಗೆ ಒಂದು ಶೋಧನಾ ಸಮಿತಿ ಆಗಬೇಕು. ಅದರಲ್ಲಿ ರಾಜ್ಯಪಾಲರ ಕಡೆಯವರು, ಕೇಂದ್ರದ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಡೆಯವರು, ರಾಜ್ಯ ಸರ್ಕಾರದ ಕಡೆಯವರು, ವಿ.ವಿ.ಯ ಆಡಳಿತ ಮಂಡಳಿಯಾದ ಸಿಂಡಿಕೇಟ್ ಕಡೆಯವರು ಒಬ್ಬೊಬ್ಬರು ಇರುತ್ತಾರೆ. ಸಮಿತಿ ಮೂರು ಹೆಸರು ಕೊಡುತ್ತದೆ. ಅದು ಸರ್ಕಾರದ ಮೂಲಕ ರಾಜ್ಯಪಾಲರಿಗೆ, ಅಂದರೆ ಕುಲಾಧಿಪತಿಗೆ ಹೋಗುತ್ತದೆ. ಅವರು ಸರ್ಕಾರದ ಸಹಮತಿ ಪಡೆದು ಒಬ್ಬರನ್ನು ನೇಮಿಸುತ್ತಾರೆ. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ ನೋಡಿ, ಎಲ್ಲರೂ ಎಲ್ಲರ ಮೇಲೆ ಕಣ್ಣಿಟ್ಟಿರುವ ಏರ್ಪಾಡು.

ಆದರೆ ರಾಜ್ಯಪಾಲರನ್ನು ಕಳಿಸುವುದು ಕೇಂದ್ರ. ರಾಜ್ಯದಲ್ಲಿ ಒಂದು ಪಕ್ಷ, ದೆಹಲಿಯಲ್ಲಿ ಇನ್ನೊಂದು ಪಕ್ಷ ಇದ್ದಾಗ ಸಹಮತಿ ಎಂಬುದು ಜಗ್ಗಾಟವಾಗುತ್ತದೆ. ಫೈಲು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡುತ್ತದೆ. ಅಷ್ಟರಲ್ಲಿ ಹಳೆಯ ಕುಲಪತಿಯ ಅವಧಿ ಮುಗಿದು ಹಂಗಾಮಿ ಕುಲಪತಿ ಬರುತ್ತಾರೆ. ಹಂಗಾಮಿಯವರು ದೊಡ್ಡ ತೀರ್ಮಾನ ಯಾವುದನ್ನೂ ತೆಗೆದುಕೊಳ್ಳಲ್ಲ, ಯಾರನ್ನೂ ಎದುರು ಹಾಕಿಕೊಳ್ಳಲ್ಲ. ಇಬ್ಬರದೂ ಒಂದೇ ಪಕ್ಷವಾದರೆ ಜಗ್ಗಾಟ ಇಲ್ಲ, ಆಗ ವಶೀಲಿಗೆ ಒಂದೇ ಬಾಗಿಲು ಸಾಕು. ಯಾವ ಜಾತಿಗೆ ಈ ಸಲ ಯಾವ ವಿ.ವಿ., ಯಾರ ಹಿಂದೆ ಯಾವ ಮಠ, ಯಾವ ಶಾಸಕ ಎಂಬ ಲೆಕ್ಕ ಕ್ಯಾಂಪಸ್ ಕ್ಯಾಂಟೀನಿನಲ್ಲೇ ನಡೆಯುತ್ತದೆ. ಅರ್ಜಿ ಹಾಕಿದವರ ಸಂಶೋಧನೆ ಏನು ಎಂದು ಅಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಕುಲಪತಿ ಒಬ್ಬರೇ ಅಲ್ಲ. ಆಡಳಿತದ ಕುಲಸಚಿವರನ್ನು ನೇಮಿಸುವುದು ಸರ್ಕಾರ, ಎಷ್ಟೋ ಕಡೆ ಅವರು ಕೆಎಎಸ್ ಅಧಿಕಾರಿ. ಹಣಕಾಸು ಅಧಿಕಾರಿಯೂ ಸರ್ಕಾರದಿಂದಲೇ ಬರುತ್ತಾರೆ. ಸಿಂಡಿಕೇಟ್‌ನಲ್ಲಿ ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರಿರುತ್ತಾರೆ. ಸರ್ಕಾರ ಬದಲಾದಾಗ ಅವರ ಪಟ್ಟಿಯೂ ಬದಲಾಗುವುದು ಮಾಮೂಲು, ಯಾವ ಪಕ್ಷವೂ ಇದಕ್ಕೆ ಹೊರತಲ್ಲ. ಅಂದರೆ ಖರ್ಚಿಗೆ, ನೇಮಕಕ್ಕೆ, ಶಿಸ್ತುಕ್ರಮಕ್ಕೆ ಸಹಿ ಹಾಕುವ ಕೈಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವು. ಒಳಗಿನ ಮೇಷ್ಟ್ರುಗಳ ಮಾತು ನಡೆಯುವುದು ಅಧ್ಯಯನ ಮಂಡಳಿಯಲ್ಲಿ, ಸಿಲಬಸ್ ಬರೆಯುವಾಗ. ಅದೂ ಎಷ್ಟು ನಡೆಯುತ್ತದೆ ಎಂಬುದನ್ನು ರಾಮಾನುಜನ್ ಪ್ರಕರಣದಲ್ಲಿ ನೋಡಿದೆವು.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮ ತಂದಿತು. ಅದರ ಪ್ರಕಾರ ಶೋಧನಾ ಸಮಿತಿಯಲ್ಲಿ ಮೂವರು: ಕುಲಾಧಿಪತಿಯ ಕಡೆಯವರು ಅಧ್ಯಕ್ಷರು, ಯುಜಿಸಿ ಕಡೆಯವರು ಒಬ್ಬರು, ವಿ.ವಿ.ಯ ಉನ್ನತ ಮಂಡಳಿಯ ಕಡೆಯವರು ಒಬ್ಬರು. ರಾಜ್ಯ ಸರ್ಕಾರ ಹೊರಗೆ. ಮೇಷ್ಟ್ರಾಗಿರದ, ಉದ್ಯಮ ಅಥವಾ ಆಡಳಿತದಿಂದ ಬಂದವರೂ ಕುಲಪತಿ ಆಗಬಹುದು ಎಂದಿತ್ತು. ಸಂಬಳ ಕೊಡುವವರು ನಾವು, ಆಯ್ಕೆ ಮಾಡುವವರು ನೀವಾ ಎಂದು ಬಿಜೆಪಿಯೇತರ ರಾಜ್ಯಗಳು ಸಿಟ್ಟಾದವು. ಫೆಬ್ರವರಿ 5ರಂದು ಬೆಂಗಳೂರಿನಲ್ಲೇ ಆ ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ವಿರೋಧದ ನಿರ್ಣಯ ಮಾಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದಕ್ಕೆ ಎರಡು ತಿಂಗಳ ಹಿಂದೆ ಬೆಳಗಾವಿ ಅಧಿವೇಶನದಲ್ಲಿ ನಮ್ಮ ವಿಧಾನಸಭೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿ.ವಿ.ಗೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಎಂಬ ತಿದ್ದುಪಡಿಯನ್ನು ಅಂಗೀಕರಿಸಿತ್ತು. ಪಶ್ಚಿಮ ಬಂಗಾಳ 2022ರಲ್ಲೇ ಇಂಥ ಮಸೂದೆ ತಂದಿತ್ತು. ರಾಜ್ಯಪಾಲರ ಕೈಯಿಂದ ಮುಖ್ಯಮಂತ್ರಿಯ ಕೈಗೆ ಬಂದರೆ ಒಕ್ಕೂಟ ವ್ಯವಸ್ಥೆಗೆ ಒಳ್ಳೆಯದಾಗಬಹುದು. ವಿಶ್ವವಿದ್ಯಾಲಯಕ್ಕೆ ಸ್ವಾತಂತ್ರ್ಯ ಬಂತು ಅನ್ನುವುದು ಬೇರೆ ಮಾತು. ಕೇರಳದಲ್ಲಿ ಏನಾಯಿತು ನೋಡಿ. ಕಣ್ಣೂರು ವಿ.ವಿ. ಕುಲಪತಿಯ ಮರುನೇಮಕವನ್ನು ಸುಪ್ರೀಂ ಕೋರ್ಟ್ 2023ರ ನವೆಂಬರ್ 30ರಂದು ರದ್ದು ಮಾಡಿತು. ಅಲ್ಲಿ ರಾಜ್ಯ ಸರ್ಕಾರ ಬೇಡದ ಮಧ್ಯಪ್ರವೇಶ ಮಾಡಿದೆ, ಕುಲಾಧಿಪತಿ ತಮ್ಮ ಸ್ವಂತ ವಿವೇಚನೆಯನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಹೇಳಿತು. ಸಹಿ ಕಾನೂನಿನ ಪ್ರಕಾರ ಸರಿಯಾದ ಕೈಯದೇ ಆಗಿತ್ತು, ತೀರ್ಮಾನ ಮಾತ್ರ ಬೇರೆಯವರದು.

ಅನುಮತಿಯ ದಾರಿ ಇನ್ನೂ ಮೆತ್ತಗಿನದು. 2021ರ ಜನವರಿಯಲ್ಲಿ, ಕೋವಿಡ್ ಕಾಲದಲ್ಲಿ ಎಲ್ಲ ಸೆಮಿನಾರ್‌ಗಳೂ ಆನ್‌ಲೈನ್ ಆಗಿದ್ದಾಗ, ಕೇಂದ್ರ ಶಿಕ್ಷಣ ಸಚಿವಾಲಯ ಒಂದು ಮಾರ್ಗಸೂಚಿ ಹೊರಡಿಸಿತು. ಸರ್ಕಾರಿ ಸಂಸ್ಥೆಗಳು ಆನ್‌ಲೈನ್ ಅಂತರರಾಷ್ಟ್ರೀಯ ಸಮ್ಮೇಳನ ಮಾಡಬೇಕಾದರೆ ಮೊದಲೇ ಒಪ್ಪಿಗೆ ಪಡೆಯಬೇಕು. ವಿಷಯ ಗಡಿ, ಈಶಾನ್ಯ, ಜಮ್ಮು-ಕಾಶ್ಮೀರ, ಲಡಾಖ್ ಇತ್ಯಾದಿ ಆಗಿರಬಾರದು, ಭಾರತದ 'ಆಂತರಿಕ ವಿಷಯ'ಗಳೂ ಆಗಿರಬಾರದು. ಆಂತರಿಕ ವಿಷಯ ಯಾವುದು? ಕಾವೇರಿ ನೀರು ಆಂತರಿಕ ತಾನೇ? ಮಂಗನ ಕಾಯಿಲೆ? ರಾಗಿ ತಳಿ? ಇದನ್ನು ವಿರೋಧಿಸಿದವರು ಯಾವುದೋ ಹೋರಾಟಗಾರರಲ್ಲ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯೇ ಸಚಿವರಿಗೆ ಪತ್ರ ಬರೆದು, ಹೀಗಾದರೆ ವಿಜ್ಞಾನದ ಚರ್ಚೆಯೇ ನಿಂತುಹೋಗುತ್ತದೆ ಎಂದಿತು. ದೆಹಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೂ ದನಿಗೂಡಿಸಿತು. ಫೆಬ್ರವರಿಯಲ್ಲೇ ಮಾರ್ಗಸೂಚಿ ವಾಪಸಾಯಿತು. ಗಟ್ಟಿಯಾಗಿ ಕೇಳಿದರೆ ಕೆಲವೊಮ್ಮೆ ಕೆಲಸ ಆಗುತ್ತದೆ, ಸುಮ್ನೆ ಹತಾಶರಾಗಬೇಕಿಲ್ಲ. ಆದರೆ ಆದೇಶ ಹಿಂದಕ್ಕೆ ಹೋದರೂ ಅಭ್ಯಾಸ ಉಳಿಯುತ್ತದೆ. ಸೆಮಿನಾರ್‌ಗೆ ಯಾರನ್ನು ಕರೆಯೋಣ ಎಂದು ಕೂತಾಗ 'ಅವರು ಬೇಡ ಬಿಡಿ ಸರ್, ಆಮೇಲೆ ತಲೆನೋವು' ಎಂದು ಒಬ್ಬರಾದರೂ ಅನ್ನುತ್ತಾರೆ. ಆ ಮಾತು ನಡಾವಳಿಯಲ್ಲಿ ಬರುವುದಿಲ್ಲ.

ಒತ್ತಡ ಸರ್ಕಾರದಿಂದ ಮಾತ್ರ ಬರುತ್ತದೆ ಅಂದುಕೊಂಡರೆ ಅದೂ ತಪ್ಪು. ಎಂ.ಎಂ. ಕಲಬುರ್ಗಿಯವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಬಸವಣ್ಣನವರ ಕುಟುಂಬದ ಬಗ್ಗೆ 'ಮಾರ್ಗ' ಎಂಬ ತಮ್ಮ ಲೇಖನ ಸಂಗ್ರಹದಲ್ಲಿ ಬರೆದ ಸಂಶೋಧನಾ ಬರಹಗಳಿಗೆ ಅವರ ಸಮುದಾಯದ ಒಳಗಿನಿಂದಲೇ ವಿರೋಧ ಎದ್ದಿತು. 1989ರಲ್ಲಿ ಅವರು ಆ ಬರಹಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಮನೆಯವರ ಜೀವ ಉಳಿಸಿಕೊಳ್ಳಲು ಹಾಗೆ ಮಾಡಿದೆ, ಆದರೆ ಬೌದ್ಧಿಕವಾಗಿ ಅವತ್ತು ಆತ್ಮಹತ್ಯೆ ಮಾಡಿಕೊಂಡೆ ಎಂಬ ಅರ್ಥದ ಮಾತನ್ನು ಅವರು ಆಮೇಲೆ ಹೇಳಿದ್ದರು. ಆಕರ ತಪ್ಪು, ಓದಿದ್ದು ತಪ್ಪು ಎಂದು ಶಾಸನ ಹಿಡಿದು, ವಚನ ಹಿಡಿದು ಜಗಳ ಆಡಿದ್ದರೆ ಕಲಬುರ್ಗಿಯವರಿಗೆ ಅದರಷ್ಟು ಖುಷಿ ಇನ್ನೊಂದಿರುತ್ತಿರಲಿಲ್ಲ. ಆಮೇಲೆ ಅವರು ಹಂಪಿ ಕನ್ನಡ ವಿ.ವಿ.ಯ ಕುಲಪತಿಯಾದರು, ಸಂಶೋಧನೆಯನ್ನು ಬಿಡಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರಿಗೆ ಗುಂಡು ಹೊಡೆದರು.

ಇಷ್ಟೆಲ್ಲ ಹೆಸರುವಾಸಿ ಪ್ರಕರಣಗಳು. ಪತ್ರಿಕೆಗೆ ಬಂದವು, ಕೋರ್ಟಿಗೆ ಹೋದವು. ಹೆಚ್ಚಿನ ಮೇಷ್ಟ್ರುಗಳ ಪಾಡು ಇದಕ್ಕಿಂತ ಬೇರೆ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ವಿ.ವಿ.ಗಳ ವಿಭಾಗಗಳಲ್ಲೂ ಕಾಯಂ ಹುದ್ದೆ ಖಾಲಿ ಬಿದ್ದು, ಅತಿಥಿಗಳೇ ಪಾಠ, ಪರೀಕ್ಷೆ, ಮೌಲ್ಯಮಾಪನ ಎಲ್ಲಾ ಮಾಡುತ್ತಾರೆ. ವರ್ಷವರ್ಷ ಹೊಸದಾಗಿ ಆಯ್ಕೆ. ರಜೆಯಲ್ಲಿ ಸಂಬಳ ಇಲ್ಲ. ಇಂಥವರಿಗೆ ಶೈಕ್ಷಣಿಕ ಸ್ವಾತಂತ್ರ್ಯದ ಪಾಠ ಹೇಳುವುದು ಅವರನ್ನು ಅಣಕಿಸಿದ ಹಾಗೆ. ಜಾತಿಯ ಬಗ್ಗೆ, ಟಿಪ್ಪುವಿನ ಬಗ್ಗೆ, ಮೀಸಲಾತಿಯ ಬಗ್ಗೆ ಪಾಠ ಬಂದಾಗ ಅವರು ಗೈಡ್‌ನಲ್ಲಿರುವಷ್ಟು ಹೇಳಿ ಮುಂದೆ ಹೋದರೆ ನನಗೆ ಅವರ ಮೇಲೆ ಸಿಟ್ಟು ಬರಲ್ಲ. ಕೊನೆಯ ಬೆಂಚಿನಲ್ಲಿ ಯಾರೋ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿರಬಹುದು. ಅರ್ಧ ನಿಮಿಷದ ತುಣುಕು ಸಂಜೆ ಹೊತ್ತಿಗೆ ಊರೆಲ್ಲ ಓಡಾಡಿದರೆ ಪ್ರಿನ್ಸಿಪಾಲರಿಗೆ ಫೋನ್ ಬರುತ್ತದೆ.

ಕಾಯಂ ನೌಕರರಿಗೆ ಬೇರೆ ತೊಡಕು. ಸರ್ಕಾರಿ ಕಾಲೇಜಿನವರಾದರೆ ಸರ್ಕಾರಿ ನೌಕರರ ನಡತೆ ನಿಯಮಗಳು ಅನ್ವಯ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಿದರೆ ನೋಟಿಸು ಬರಬಹುದು. ಕಂದಾಯ ಇಲಾಖೆಯ ಗುಮಾಸ್ತರಿಗೂ ರಾಜಕೀಯ ಶಾಸ್ತ್ರದ ಪ್ರಾಧ್ಯಾಪಕರಿಗೂ ಒಂದೇ ನಿಯಮ. ಸರ್ಕಾರದ ನೀತಿಯನ್ನು ಅಳೆದು ನೋಡುವುದೇ ಎರಡನೆಯವರ ಉದ್ಯೋಗ ಅಲ್ವಾ? ಕೇಂದ್ರ ವಿ.ವಿ.ಗಳಲ್ಲೂ ಇದನ್ನು ತರುವ ಪ್ರಯತ್ನ ಆಗಿದೆ. 2018ರ ಜುಲೈನಲ್ಲಿ ಪ್ರತಿಭಟನೆ ಮಾಡಿದ್ದಕ್ಕೆ ಜೆಎನ್‌ಯು ತನ್ನ 48 ಅಧ್ಯಾಪಕರಿಗೆ ಮರುವರ್ಷ ಕೇಂದ್ರ ನಾಗರಿಕ ಸೇವಾ ನಿಯಮಗಳ ಅಡಿಯಲ್ಲಿ ಆರೋಪಪಟ್ಟಿ ಕೊಟ್ಟಿತು.

ಕುಲಪತಿ ನೇಮಕ ತಪ್ಪಾದರೆ ಸುಪ್ರೀಂ ಕೋರ್ಟಿನವರೆಗೆ ಹೋಗಲು ರಾಜ್ಯಪಾಲರು, ಸರ್ಕಾರ, ವಕೀಲರು ಎಲ್ಲರೂ ಇದ್ದಾರೆ. 48 ಜನ ಕಾಯಂ ಅಧ್ಯಾಪಕರಿಗೂ ಸಂಘವಿದೆ, ಆರೋಪಪಟ್ಟಿಯ ಪ್ರತಿ ಕೈಯಲ್ಲಿದೆ, ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದು. ವಿಭಾಗದ ಸಂದರ್ಶನದಲ್ಲಿ ಈ ವರ್ಷ ಆಯ್ಕೆಯಾಗದ ಅತಿಥಿ ಉಪನ್ಯಾಸಕರ ಬಳಿ ಪ್ರಶ್ನಿಸಲು ಒಂದು ಆದೇಶವೂ ಇರುವುದಿಲ್ಲ. ಕಳೆದ ವರ್ಷ ತರಗತಿಯಲ್ಲಿ ಆಡಿದ ಮಾತಿಗೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ಯಾರೂ ಅವರಿಗೆ ಹೇಳಬೇಕಾಗಿಲ್ಲ, ಅವರು ಯಾರನ್ನೂ ಕೇಳುವ ಹಾಗೂ ಇಲ್ಲ.